ಸಾವಿರಕ್ಕೆ ಇಪ್ಪತ್ತನಾಲ್ಕು ಕೊಸರು

ಗೆಳೆಯರೇ, ಇವತ್ತು ಅರಸೀಕೆರೆಯ ನನ್ನ ಮೊಬೈಲ್ ಅಂಗಡಿಯಲ್ಲೇ ನಾನು ಮೋಸಗಾರನಾದೆ. ಬೆಳಿಗ್ಗೆ ಪೆನ್‌ಡ್ರೈವ್ ಒಯ್ದಿದ್ದ ಗಂಡಸಿ ಊರಿನ ತೆಂಗಿನಕಾಯಿ ವ್ಯಾಪಾರಿ ನಂಜಪ್ಪನವರು ಮಧ್ಯಾಹ್ನ ಅದನ್ನು ಹಿಡಿದು ವಾಪಸ್ ಬಂದರು.

"ಮೇಲೆ ಅರವತ್ನಾಲ್ಕು ಜಿಬಿ ಅಂತ ಬರ್ದೈತೆ. ಕಂಪ್ಯೂಟರ್‌ಗೆ ಹಾಕುದ್ರೆ ಐವತ್ತೊಂಬತ್ತೂವರೆ ತೋರುಸ್ತೈತೆ. ಮಿಕ್ಕಿದ್ದೆಲ್ಲಿ?"

ನಾನು ವಿವರಿಸಿದೆ. "ಕೆಬಿ, ಎಂಬಿ, ಜಿಬಿ, ಒಂದೊಂದು ಮೆಟ್ಟಿಲಿಗೂ ಕಂಪನಿಯೋರು ಸಾವಿರ ಅಂತ ಎಣಿಸ್ತಾರೆ ಯಜಮಾನ್ರೇ. ಕಂಪ್ಯೂಟರ್ ಸಾವಿರದ ಇಪ್ಪತ್ನಾಲ್ಕು ಅಂತ ಎಣಿಸುತ್ತೆ."

ಅವರು ಗಲ್ಲ ಕೆರೆದುಕೊಂಡರು. "ಹಂಗಾದ್ರೆ ಕಂಪ್ಯೂಟರ್ ನಮ್ಮಂಗೇ ಕಣಪ್ಪ. ಸಾವಿರ ಕಾಯಿ ಎಣಿಸಿ, ಮೇಲೆ ಇಪ್ಪತ್ನಾಲ್ಕು ಕೊಸರು ಹಾಕ್ತೈತೆ. ನಿಮ್ ಕಂಪನಿಯೋರು ಕೊಸರು ಕೊಡ್ದೋರು."

ಬಿಎಸ್ಸಿಯಲ್ಲಿ ನನಗೆ ಒಂದು ಸೆಮಿಸ್ಟರ್ ಹಿಡಿದ ಪಾಠ ಅವರಿಗೆ ಎರಡು ನಿಮಿಷಕ್ಕೆ ಅರ್ಥವಾಯಿತು. ಆಮೇಲೆ ಕೊಸರಿಗೆಂದು ಮೇಜಿನ ಮೇಲಿದ್ದ ಕಾರ್ಡ್ ರೀಡರ್ ಜೇಬಿಗಿಳಿಸಿ ಹೊರಟರು. ಲೆಕ್ಕ ಹೇಳಿಕೊಟ್ಟವನು ನಾನೇ.