ನನ್ನ ಕೈಯಲ್ಲಷ್ಟೇ ಸೊರಗುವ ಕಾರು

ಆ ಕಾರಿಗೆ ನನ್ನ ಮೇಲೆ ಏನೋ ಹಗೆ ಇತ್ತು. ಮೋಟರ್‌ವೇ ಮೇಲೆ ತಾಸುಗಟ್ಟಲೆ ಚೆನ್ನಾಗಿಯೇ ಓಡುತ್ತಿತ್ತು. ಇನ್ನೇನು ಊರು ಬಂತು, ಪಕ್ಕದ ರಸ್ತೆಗೆ ಇಳಿಯಬೇಕು ಅನ್ನುವಾಗ ಅದರ ಕಸುವೆಲ್ಲ ಹೋಗಿಬಿಡುತ್ತಿತ್ತು. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಎಂಜಿನ್ ಬಿಕ್ಕುತ್ತ ಮುಗ್ಗರಿಸುತ್ತಿತ್ತು. ಹಿಂದಿನ ಲಾರಿಯವನು ಹಾರ್ನ್ ಬಜಾಯಿಸುತ್ತಿದ್ದ. ಹೇಗೋ ಬದಿಗೆ ತಂದು ನಿಲ್ಲಿಸಿ, ಬಾಯಿಗೆ ಬಂದಂತೆ ಬೈದು, ಸ್ವಲ್ಪ ಹೊತ್ತು ಬಿಟ್ಟು ಚಾಲೂ ಮಾಡಿದರೆ ಏನೂ ಆಗೇ ಇಲ್ಲ ಅನ್ನುವಂತೆ ಹೊರಡುತ್ತಿತ್ತು.

ತೊಂಬತ್ತರ ದಶಕದ ನಡುಭಾಗ ಅದು. ನಮ್ಮ ಮನೆ ಲಂಡನ್ ಅಂಚಿನ ಸಟನ್‌ನಲ್ಲಿತ್ತು. ಗಂಡ ಅಲ್ಲೇ ಹತ್ತಿರದ ಆಸ್ಪತ್ರೆಯಲ್ಲಿ ಅರಿವಳಿಕೆಯ ಡಾಕ್ಟರು. ನಾನೂ ಡಾಕ್ಟರೇ. ವರ್ಷಗಟ್ಟಲೆ ಕಾದ ಮೇಲೆ ನನಗೆ ಜೂನಿಯರ್‌ಗಿಂತ ಒಂದು ಮೆಟ್ಟಿಲು ಮೇಲಿನ ರಿಜಿಸ್ಟ್ರಾರ್ ಹುದ್ದೆ ಸಿಕ್ಕಿತ್ತು, ಆದರೆ ಕೆಂಟ್ ಕರಾವಳಿಯ ಒಂದು ಆಸ್ಪತ್ರೆಯಲ್ಲಿ. ಸೋಮವಾರ ನಸುಕಿನಲ್ಲಿ ಹೊರಟು, ವಾರವಿಡೀ ಅಲ್ಲಿನ ಕ್ವಾರ್ಟರ್ಸ್‌ನಲ್ಲಿದ್ದು, ಶುಕ್ರವಾರ ಸಂಜೆ ಮನೆ ಸೇರುತ್ತಿದ್ದೆ. ಮಗಳನ್ನು ನೋಡಿಕೊಳ್ಳಲು ಧಾರವಾಡದಿಂದ ಅತ್ತೆ ಬಂದಿದ್ದರು. ಆ ಹುದ್ದೆ ಕೈಬಿಟ್ಟರೆ ಇನ್ನೊಂದು ಸಿಗುವ ಹಾಗಿರಲಿಲ್ಲ. ಜೂನಿಯರ್ ಡಾಕ್ಟರುಗಳಾಗಿಯೇ ತಲೆ ನರೆತ ನಮ್ಮ ಕಡೆಯ ಹೆಂಗಸರನ್ನು ನಾನು ಕಂಡಿದ್ದೆ. ಕಾರಿನ ದೆಸೆಯಿಂದ ವಾರ್ಡ್ ರೌಂಡಿಗೆ ಮತ್ತೆ ಮತ್ತೆ ತಡವಾಗಿ ಹೋಗಿದ್ದೆ. ಹೀಗೇ ಆದರೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಎಂದು ನನ್ನ ಮೇಲಿನ ಹಿರಿಯ ಡಾಕ್ಟರು, ಕನ್ಸಲ್ಟೆಂಟ್, ಮುಖಕ್ಕೇ ಹೇಳಿದ್ದರು.

ಗ್ಯಾರೇಜಿನವನು ಕಾರನ್ನು ಸಟನ್‌ನ ಬೀದಿಗಳಲ್ಲಿ ಸುತ್ತಾಡಿಸಿ ನೋಡಿದ. ಪ್ಲಗ್ಗು ಬದಲಿಸಿದ, ಫಿಲ್ಟರ್ ಬದಲಿಸಿದ, ಕಾರು ಚೆನ್ನಾಗಿದೆ ಎಂದ. ಅವನ ಮೇಲೆ ನನಗೆ ಅನುಮಾನ ಬಂತು. ಗಂಡ ಓಡಿಸಿದಾಗಲೂ ಏನೂ ಆಗುತ್ತಿರಲಿಲ್ಲ. ಶನಿವಾರ ಭಾನುವಾರ ಕಾರು ಕೈಗೆ ಸಿಕ್ಕಾಗ ಇವರು ಹೋಗುತ್ತಿದ್ದುದು ಆಸ್ಪತ್ರೆಯವರೆಗೆ, ಇಲ್ಲವೇ ತರಕಾರಿ ಅಂಗಡಿಯವರೆಗೆ.

“ನಿನಗ ಗಿಯರ್ ಸರಿಯಾಗಿ ಬದಲಿಸಲಿಕ್ಕೆ ಬರತದೋ ಇಲ್ಲೋ?” ಎಂದು ಕೇಳಿದರು. ಆಮೇಲೆ ದನಿ ಮೆತ್ತಗೆ ಮಾಡಿ, “ಇಲ್ಲೇ ಸಟನ್ನಾಗ ಒಂದು ಪೋಸ್ಟ್ ಖಾಲಿ ಆಗತದಂತ. ಸಣ್ಣದು ಖರೆ, ಆದ್ರ ಮನಿಗೆ ಹತ್ರ” ಎಂದರು.

ಇವರ ಮೇಲೂ ಅನುಮಾನ ಬಂತು. ಆದರೆ ನನ್ನ ಅನುಮಾನದ ದೊಡ್ಡ ಪಾಲು ಹೋಗಿದ್ದು ಅತ್ತೆಗೆ. ಭಾನುವಾರ ನನ್ನ ಬ್ಯಾಗು ಕಂಡರೆ ಸಾಕು, “ಹೆಣ್ಣಮಗಳು ಒಬ್ಬಾಕಿನ ಇಷ್ಟು ದೂರ ಹೋಗೋದಂದ್ರ...” ಎಂದು ನಿಟ್ಟುಸಿರು ಬಿಡುತ್ತಿದ್ದರು. ಒಂದು ಸೋಮವಾರ ಬೆಳಿಗ್ಗೆ ಪರದೆ ಸರಿಸಿ ನೋಡಿದರೆ, ಸೀರೆಯ ಮೇಲೆ ಇವರ ಓವರ್‌ಕೋಟ್ ಹಾಕಿಕೊಂಡು ಕಾರಿನ ಹಿಂಬದಿಯಲ್ಲಿ ಬಗ್ಗಿ ಏನೋ ಮಾಡುತ್ತಿದ್ದಾರೆ! ನಾನು ಕೆಳಗಿಳಿದು ಬರುವಷ್ಟರಲ್ಲಿ ಕೈ ಒರೆಸಿಕೊಳ್ಳುತ್ತ ಅಡುಗೆಮನೆ ಸೇರಿದ್ದರು. ಮುಂದಿನ ಸೋಮವಾರವೂ ಅದೇ ಕಥೆ. ಮಾಟ ಮಂತ್ರ ನಂಬದ ಡಾಕ್ಟರ್ ನಾನು, ಕೆಲಸದ ಸ್ಕರ್ಟಿನಲ್ಲೇ ಮೊಣಕಾಲೂರಿ ಕಾರಿನ ಕೆಳಗೆ ಲಿಂಬೆಹಣ್ಣು ಹುಡುಕಿದೆ. ಸಿಕ್ಕಿದ್ದು ಚಿಪ್ಸಿನ ಖಾಲಿ ಪೊಟ್ಟಣ.

ಕೊನೆಗೆ ಸಿಟ್ಟು ನೆತ್ತಿಗೇರಿತು. ಕುಳಿತಾಗ ಆರಾಮಾಗಿದ್ದು ಮೆಟ್ಟಿಲು ಹತ್ತಿದಾಗಷ್ಟೇ ಎದೆನೋವು ಎನ್ನುವ ರೋಗಿಯನ್ನು ನಾವು ಕುರ್ಚಿಯಲ್ಲಿ ಕೂರಿಸಿ ಪರೀಕ್ಷಿಸಿದರೆ ಏನು ತಿಳಿದೀತು? ಅವನನ್ನು ಹತ್ತಿಸಿಯೇ ನೋಡಬೇಕು. ಒಂದು ಶನಿವಾರ, ಅತ್ತೆಗೆ ಸಮುದ್ರ ತೋರಿಸೋಣ ಎಂದು ಎಲ್ಲರನ್ನೂ ಹೊರಡಿಸಿದೆ. “ರೈಲಿನಾಗ ಹೋದ್ರಾತಲ್ಲ” ಎಂದರು ಇವರು. ಬೇಡವೆಂದೆ. ಗೊಣಗುತ್ತ ಹೋಗಿ ಪೆಟ್ರೋಲ್ ತುಂಬಿಸಿಕೊಂಡು ಬಂದರು. ಸ್ಟಿಯರಿಂಗ್ ಇವರ ಕೈಗೇ ಕೊಟ್ಟು ನಾನು ಪಕ್ಕದಲ್ಲಿ ಕೂತೆ. ಹಿಂದೆ ಅತ್ತೆ ಮತ್ತು ಅಜ್ಜಿಯ ಕನ್ನಡ ಮಾತಿಗೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಗಳು.

ಲಂಡನ್ ಸುತ್ತುವ ಎಂ ಟ್ವೆಂಟಿಫೈವ್ ರಸ್ತೆ ದಾಟಿ, ಕೆಂಟ್‌ನ ಮೋಟರ್‌ವೇ ಹಿಡಿದು ಬಹಳ ದೂರ ಹೋದೆವು. ಕಾರು ಸೊಗಸಾಗಿ ಓಡುತ್ತಿತ್ತು, ಇವರು ಸೀಟಿ ಹಾಕುತ್ತಿದ್ದರು. ಮೋಟರ್‌ವೇಯಿಂದ ಇಳಿಯುವ ದಾರಿಗೆ ತಿರುಗಿದ್ದೇ ತಡ, ಎಂಜಿನ್ ಬಿಕ್ಕಿತು. ನನಗೆ ಎಂಥ ಖುಷಿಯಾಯಿತು!

“ಈಗ ಗಿಯರ್ ಯಾರ ಕೈಯಾಗ ಅದ ರೀ?” ಎಂದೆ.

ಇವರು ಕಾರನ್ನು ಬದಿಗೆ ತಂದು ನಿಲ್ಲಿಸಿ, “ಎಂಜಿನ್ನಿಗೆ ಪೆಟ್ರೋಲ್ ಬರವಲ್ತು” ಎಂದು ಗೊಣಗಿದರು. ಮುಳ್ಳು ನೋಡಿದೆ. ಟ್ಯಾಂಕು ಹೆಚ್ಚುಕಡಿಮೆ ತುಂಬಿಯೇ ಇತ್ತು. ತುಂಬಿದೆ, ಆದರೆ ಇಳಿಯುತ್ತಿಲ್ಲ. ಇದನ್ನು ನಾನು ಎಲ್ಲೋ ನೋಡಿದ್ದೇನೆ ಅನಿಸಿತು.

ನೋಡಿದ್ದು ನಾನು ಡಾಕ್ಟರಿಕೆ ಕಲಿತ ಹುಬ್ಬಳ್ಳಿಯ ವಾರ್ಡಿನಲ್ಲಿ. ಆಗ ಸಲೈನ್ ಗಾಜಿನ ಬಾಟಲಿಯಲ್ಲಿ ಬರುತ್ತಿತ್ತು. ಅದರ ರಬ್ಬರ್ ಬಿರಡೆಗೆ ಗಾಳಿಗಾಗಿಯೇ ಇನ್ನೊಂದು ಸೂಜಿ ಚುಚ್ಚಬೇಕು. ಮರೆತರೆ ಒಂದಷ್ಟು ಇಳಿದು ನಿಂತುಬಿಡುತ್ತದೆ. ಒಳಗೆ ಗಾಳಿ ಹೋಗದೆ ಹೊರಗೆ ನೀರು ಬಾರದು. ಈ ದೇಶದಲ್ಲಿ ತಾನೇ ಮುದುಡಿಕೊಳ್ಳುವ ಪ್ಲಾಸ್ಟಿಕ್ ಚೀಲ ನೋಡಿ ನೋಡಿ ಅದನ್ನು ಮರೆತಿದ್ದೆ.

ಇಳಿದು ಹೋಗಿ ಪೆಟ್ರೋಲ್ ಟ್ಯಾಂಕಿನ ಹೊರಬಾಗಿಲು ತೆಗೆದೆ. ಆ ಕಾರು ಕೊಂಡಾಗಿನಿಂದ ನಾನು ಅದನ್ನು ತೆಗೆದೇ ಇರಲಿಲ್ಲ. ಪೆಟ್ರೋಲ್ ಇವರ ಖಾತೆ. ಒಳಗಿನ ಮುಚ್ಚಳದ ತುಂಬ ಗಂಧ, ನಡುವೆ ಕುಂಕುಮ. ಪದರದ ಮೇಲೆ ಪದರ ಒಣಗಿ ಗೋಡೆಯ ಗಿಲಾವಿನ ಹಾಗೆ ಕೂತಿತ್ತು. ಮುಚ್ಚಳ ತಿರುಗಿಸಿದ ಕೂಡಲೇ ಟ್ಯಾಂಕು ಸುಂಯ್ ಎಂದು ಉದ್ದಕ್ಕೆ ಉಸಿರೆಳೆದುಕೊಂಡಿತು. ಹೇರ್‌ಪಿನ್ನಿನಿಂದ ಕೆರೆದೆ. ಗಾಳಿಗೆಂದೇ ಬಿಟ್ಟಿದ್ದ ಸಣ್ಣ ತೂತು ಕಂಡಿತು.

“ಅತ್ತಿ, ಇದು ನೀವು...?”

ಅತ್ತೆ ಕಿಟಕಿಯಿಂದ ತಲೆ ಹಾಕಿದರು. “ಹೂಂ ಯವ್ವಾ. ನೀ ಹೋಗೋ ಮುಂದ ಹಚ್ಚತೀನಿ. ಅದರ ಬಾಯಿ ಅಲ್ಲೇ ಅದ ಅಲ್ಲಾ? ನೀ ಆರಾಮಾಗಿ ಊರು ಮುಟ್ಟಲಿ ಅಂತ. ಹೇಳಿದ್ರ ನಗತಿ ಅಂತ ಹೇಳಲಿಲ್ಲ.”

ಲಿಂಬೆಹಣ್ಣು ಹುಡುಕಿದ್ದನ್ನು ಹೇಳುವ ಧೈರ್ಯವಾಗಲಿಲ್ಲ. ಅತ್ತೆಯ ಮಾತು ಇನ್ನೂ ಮುಗಿದಿರಲಿಲ್ಲ.

“ನಿನ್ನ ಗಂಡಗ ಗೊತ್ತದಲ್ಲ. ಐತವಾರಕ್ಕೊಮ್ಮೆ ಪೆಟ್ರೋಲ್ ಹಾಕೋ ಮುಂದ ನೋಡತಾನ. ಒರಸಲೇನು ಅಂತ ಕೇಳಿದ್ರ, ಇರಲಿ ಬಿಡವ್ವಾ ಅಂದ.”

ನಾನು ಮುಚ್ಚಳ ಹಾಕಿ, ಬಂದು ಕೂತು ಇವರ ಮುಖ ನೋಡಿದೆ. ದಿನಬೆಳಗಾದರೆ ಡ್ರಿಪ್ಪುಗಳ ನಡುವೆಯೇ ನಿಂತು ದುಡಿಯುವ ಮನುಷ್ಯ. ಅದೇ ಹುಬ್ಬಳ್ಳಿಯಲ್ಲಿ ಕಲಿತವರು. “ಗಂಧ ನೋಡಿದ್ದೆ. ತೂತು ನೋಡಿರಲಿಲ್ಲ” ಎಂದರು, ಕಣ್ಣು ರಸ್ತೆಯ ಮೇಲೆ ನೆಟ್ಟು. ನಿಜವೂ ಇರಬಹುದು. ಮತ್ತೆ ಚಾಲೂ ಮಾಡಿದಾಗ ಎಂಜಿನ್ ಹಾಯಾಗಿ ಗುನುಗತೊಡಗಿತು. ಮಗಳು ಚಪ್ಪಾಳೆ ತಟ್ಟಿದಳು, ಅತ್ತೆ ಕೈ ಮುಗಿದರು. ಇವರ ಮುಖದಲ್ಲಿ ಮಾತ್ರ ಸಮಾಧಾನ ಕಾಣಲಿಲ್ಲ. ಅದನ್ನು ಅತ್ತೆಯೂ ಕನ್ನಡಿಯಲ್ಲಿ ನೋಡಿದರೆಂದು ಕಾಣುತ್ತದೆ.

“ತಮ್ಮಾ, ಸೋಮವಾರ ಅಕಿ ಹೋಗತಾಳ. ನಾ ಗಂಧ ಬಾನೆಟ್ಟಿಗೆ ಹಚ್ಚತೀನಿ” ಎಂದರು ಮಗನಿಗೆ.

ಇವರು ಹೂಂ ಎಂದರು, ಅಷ್ಟೇ. ಗೊತ್ತಿತ್ತೋ ಗೊತ್ತಿರಲಿಲ್ಲವೋ, ಇಂದಿಗೂ ನಾನು ಕೇಳಿಲ್ಲ. ಮರುದಿನ ಭಾನುವಾರ ಸಂಜೆ ಎಂದಿನಂತೆ ಕಾರಿನ ಕೀಲಿ ಹಿಡಿದು ಪೆಟ್ರೋಲ್ ಹಾಕಿಸಲು ಹೊರಟರು. ನಾನು ಬಾಗಿಲಲ್ಲಿ ನಿಂತು ಕೈ ಚಾಚಿದೆ. ಇವರು ಕೀಲಿ ಕೊಟ್ಟರು. ಅಂದಿನಿಂದ ಪೆಟ್ರೋಲ್ ನನ್ನ ಖಾತೆ.