ನಡುವಿಗೆ ತಂದ ಏಣು

ನನ್ನ ಅಣ್ಣನನ್ನು ಇಪ್ಪತ್ತಾರು ವರ್ಷ ಯಾರೂ ಎತ್ತಿರಲಿಲ್ಲ. ಎರಡು ವರ್ಷದ ಕೂಸಿದ್ದಾಗ ಪೋಲಿಯೊ ಬಂದು ಅವನ ಎರಡೂ ಕಾಲು ಹೋದವು. ಅಲ್ಲಿಂದ ಮೂವತ್ತು ದಾಟುವ ತನಕ ಅವನು ಮನೆಯ ಹೊರಗೆ ಹೋಗಬೇಕೆಂದರೆ ಯಾರಾದರೂ ಎತ್ತಿಕೊಂಡೇ ಹೋಗಬೇಕಿತ್ತು. ಮೊದಲು ಅಪ್ಪ, ಆಮೇಲೆ ಕಾಕಾ, ಕೊನೆಗೆ ನಾನು. ಮೀಸೆ ಬಂದ ಗಂಡಸನ್ನು ಎತ್ತಿಕೊಂಡು ಮದುವೆಮನೆಗೆ ಹೋದರೆ ಜನ ಹೇಗೆ ದಾರಿ ಬಿಡುತ್ತಾರೆ, ಹೆಂಗಸರು ಹೇಗೆ ಲೊಚಗುಟ್ಟುತ್ತಾರೆ ಎಂಬುದು ನನಗೆ ಗೊತ್ತು. ಎತ್ತಿಕೊಂಡ ನನಗೇ ಅಷ್ಟು ನಾಚಿಕೆಯಾಗುತ್ತಿತ್ತು. ಬಸವಕಲ್ಯಾಣದಲ್ಲಿ ಒಂದು ಹಳೆಯ ಪೆಟ್ರೋಲ್ ಕಾರು ಸಿಕ್ಕಿ, ಕ್ಲಚ್ಚು, ಬ್ರೇಕು ಎಲ್ಲವನ್ನೂ ಕೈಯಿಂದಲೇ ಒತ್ತುವಂತೆ ಅದಕ್ಕೆ ಕಬ್ಬಿಣದ ಸಲಾಕೆ ಕೂಡಿಸಿದ ದಿನ ಅಣ್ಣ ಮನೆಯವರೆಲ್ಲರ ಮುಂದೆ ಒಂದೇ ಮಾತು ಹೇಳಿದ: "ಇನ್ನ ಮ್ಯಾಲೆ ನನ್ನ ಯಾರೂ ಎತ್ತೋದು ಬ್ಯಾಡ."

ಯಾರೂ ಎತ್ತಲಿಲ್ಲ. ಮನೆಯ ಕಟ್ಟೆಯನ್ನು ಕಾರಿನ ಸೀಟಿನ ಎತ್ತರಕ್ಕೆ ಕಟ್ಟಿಸಿಕೊಂಡ. ಕಾರನ್ನು ಕಟ್ಟೆಗೆ ತಾಗಿಸಿ ನಿಲ್ಲಿಸಿದರೆ ಕೈಯೂರಿ ಸರಿದು ಒಳಗೆ ಕೂರುವುದು ಅವನಿಗೆ ಒಂದು ನಿಮಿಷದ ಕೆಲಸ. ಅವನ ಕಸುಬು ಹಾರ್ಮೋನಿಯಂ ರಿಪೇರಿ. ಘಾಟಬೋರಾಳ, ಕೊಡಂಬಲ, ಮೋರಖಂಡಿ, ಹೀಗೆ ಸುತ್ತಲಿನ ಊರುಗಳ ಭಜನಾ ಮಂಡಳಿಯ ಪೆಟ್ಟಿಗೆಗಳೆಲ್ಲ ಅವನ ಕೈಯಲ್ಲೇ ಸುರಕ್ಕೆ ಬರುತ್ತಿದ್ದವು. ಗುಡಿಯ ಮುಂದೆ ಕಾರು ನಿಲ್ಲಿಸಿ, ಬಾಗಿಲು ತೆಗೆದಿಟ್ಟು, ಸೀಟಿನಲ್ಲೇ ಕೂತು ಪೆಟ್ಟಿಗೆ ಬಿಚ್ಚುತ್ತಿದ್ದ. ಸುತ್ತ ಜನ ನೆರೆದರೆ ಗಾಳಿ ಬಿಡ್ರಿ ಎಂದು ಬೈಯುತ್ತಿದ್ದ. ಬೈಸಿಕೊಂಡವರು ನಗುತ್ತಾ ಚಹಾ ತಂದುಕೊಡುತ್ತಿದ್ದರು. ಕಾರಿನೊಳಗೆ ಕೂತಷ್ಟು ಹೊತ್ತು ಅವನು ಎಲ್ಲರಂತೆ ಒಬ್ಬ ಗಂಡಸು, ಸ್ವಲ್ಪ ಸಿಡುಕ, ಅಷ್ಟೇ. ನಡುವೆ ಒಮ್ಮೆ ಮೂರು ಗಾಲಿಯ ಸ್ಕೂಟರೂ ಮನೆಗೆ ಬಂದಿತ್ತು. ಬಾಗಿದ ಬೆನ್ನಿಗೆ ಅದರ ಕುಲುಕಾಟ ಹತ್ತು ನಿಮಿಷವೂ ತಡೆಯಲಿಲ್ಲ, ಕೊಟ್ಟುಬಿಟ್ಟ.

ನಾನು ಹುಮನಾಬಾದಿನಲ್ಲಿ ಹೈವೇ ಪಕ್ಕ ಲೇತ್ ಇಟ್ಟುಕೊಂಡವನು. ಲಾರಿಯವರು, ಟ್ರ್ಯಾಕ್ಟರಿನವರು ಸವೆದ ಪುರ್ಜಾ ತಂದು ಮುಂದಿಡುತ್ತಾರೆ. ಅದೇ ನಮೂನಾ. ನಕ್ಷೆಯಿಲ್ಲ, ಪುಸ್ತಕವಿಲ್ಲ. ಸವೆದದ್ದನ್ನು ನೋಡಿ, ಸವೆಯುವ ಮೊದಲು ಅದು ಹೇಗಿತ್ತು ಎಂದು ಊಹಿಸಿ ಹೊಸದು ಮಾಡಿಕೊಡುವುದೇ ನಮ್ಮ ವಿದ್ಯೆ. ಈ ಊಹೆಯಲ್ಲಿ ನನ್ನನ್ನು ಮೀರಿಸಿದವರು ಈ ಕಡೆ ಇಲ್ಲ ಎಂದು ಬೇರೆಯವರು ಹೇಳುವ ಮೊದಲು ನಾನೇ ಹೇಳಿಕೊಂಡು ತಿರುಗಿದ್ದೇನೆ.

ಹೋದ ವರ್ಷ ಬೇಸಿಗೆಯ ಮೊದಲಿಗೆ ಅಣ್ಣನ ಕಾರು ಮಿಸ್ಸಿಂಗ್ ಹೊಡೆಯತೊಡಗಿತು. ಸಸ್ತಾಪುರ ಬಂಗ್ಲಾ ಕ್ರಾಸಿನಿಂದ ಇತ್ತ ತಿರುಗಿದ ಮೇಲೆ ಏರಿನಲ್ಲಿ ಎರಡು ಸಲ ನಿಂತಿತಂತೆ. ಹೇಗೋ ನನ್ನ ಅಂಗಡಿಯ ಮುಂದೆ ತಂದು ನಿಲ್ಲಿಸಿದ.

"ನಾಕು ಸಿಲಿಂಡರಿನ್ಯಾಗ ಒಂದು ಹಿಂದ ಬೀಳಾಕತ್ತದ ತಮ್ಮಾ," ಎಂದ. "ಅದೂ ಒಂದೇ ಕಡಿ ಅಲ್ಲ, ಒಮ್ಮೆ ಇದು, ಒಮ್ಮೆ ಅದು."

ಬಾನೆಟ್ ಎತ್ತಿದೆ. ನಾಲ್ಕು ಪ್ಲಗ್ಗಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಬಿಚ್ಚಿ ಹೊರಗೆ ತೆಗೆದೆ. ಅದರ ಅಡಿಗೆ ಒಂದು ಉಕ್ಕಿನ ಬಿಲ್ಲೆ ಇರುತ್ತದೆ, ಬಿಲ್ಲೆಯ ತಳದಲ್ಲಿ ಪಟ್ಟಿಯಂತೆ ಎದ್ದು ನಿಂತ ಒಂದು ಏಣು. ಎಂಜಿನ್ನಿನ ಒಳಗಿನಿಂದ ಬರುವ ಗಿಡ್ಡ ಶಾಫ್ಟಿನ ತಲೆಯಲ್ಲಿ ಒಂದು ಸೀಳು. ಏಣು ಸೀಳಿನಲ್ಲಿ ಕೂತಿತೆಂದರೆ ಎಂಜಿನ್ನು ಡಿಸ್ಟ್ರಿಬ್ಯೂಟರನ್ನು ತಿರುಗಿಸುತ್ತದೆ. ಶಾಫ್ಟಿನ ಬುಡದಲ್ಲಿ ಓರೆ ಹಲ್ಲಿನ ಗೇರು, ಅದು ಒಳಗಿನ ಕ್ಯಾಮ್ ಶಾಫ್ಟಿನ ಹಲ್ಲಿಗೆ ಕೂಡಿರುತ್ತದೆ. ಇಷ್ಟೇ ಕಥೆ. ಏಣಿನ ಅಂಚು ಸವೆದು ದುಂಡಗಾಗಿತ್ತು, ಸೀಳಿನಲ್ಲಿ ಲಟಲಟ ಅಲುಗುತ್ತಿತ್ತು. ಹೊಸದಕ್ಕಾಗಿ ಬೀದರ, ಕಲಬುರಗಿ, ಹೈದರಾಬಾದ್ ಎಲ್ಲ ಕಡೆ ಫೋನ್ ಮಾಡಿದೆ. ಕಾರಿನ ಹೆಸರು ಕೇಳಿಯೇ ನಕ್ಕರು.

ಬಿಲ್ಲೆಯನ್ನು ಒರೆಸಿ ನೋಡಿದರೆ ಏಣು ನಟ್ಟನಡುವೆ ಇರಲಿಲ್ಲ, ತುಸು ಒಂದು ಬದಿಗೆ ಸರಿದಿತ್ತು. ತಿರುಗಿ ತಿರುಗಿ ಒಂದೇ ಬದಿ ಸವೆದಿದೆ ಎಂದುಕೊಂಡೆ. ಲೇತಿನವನಿಗೆ ನಡು ಎಂದರೆ ದೇವರು. ಏನೇ ಕೂಡಿಸಿದರೂ ಮೊದಲು ನಡು ಹಿಡಿಯುತ್ತೇವೆ, ಉಳಿದದ್ದು ಆಮೇಲೆ. ಬಿಲ್ಲೆಯನ್ನು ಸೀಟಿನಲ್ಲಿ ಕೂತ ಅಣ್ಣನಿಗೂ ತೋರಿಸಿದೆ. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಆ ಶಾಫ್ಟನ್ನೂ ಕೊಡು ಎಂದ.

"ಈ ಸೀಳೂ ಹಂಗೇ ಒಂದ್ ಬಾಜೂಕ ಸರದದ ನೋಡು. ಎರಡೂ ಒಂದೇ ಅಳತಿ ಹ್ಯಾಂಗ ಸವೀತಾವ ತಮ್ಮಾ? ಮೊದಲಿಂದ ಹಂಗೇ ಇದ್ದೀತು."

"ನೀ ಪೆಟ್ಟಿಗಿ ನೋಡ್ಕೊ ಅಣ್ಣಾ," ಎಂದೆ. "ಕಬ್ಬಿಣದ್ದು ನನಗ ಬಿಡು."

ಅವನ ಮಾತಿನಲ್ಲಿದ್ದ ತರ್ಕ ನನಗೆ ಆಗಲೇ ಹೊಳೆಯಬೇಕಿತ್ತು. ನಿಜ ಹೇಳಬೇಕೆಂದರೆ, ಅರೆಬರೆ ಹೊಳೆದೂ ಇತ್ತು. ಆದರೆ ಇಡೀ ಬಜಾರು ಉಸ್ತಾದ್ ಎಂದು ಕರೆಯುವವನಿಗೆ ಭಜನೆಪೆಟ್ಟಿಗೆಯವನು ಪಾಠ ಹೇಳುವುದೇ? ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿದ್ದದ್ದು ಇಷ್ಟೇ.

ಗಟ್ಟಿ ಉಕ್ಕು ಹಿಡಿದು ಏಣನ್ನು ಕೂದಲೆಳೆಯೂ ತಪ್ಪದಂತೆ ನಡುವಿಗೆ ತಂದು ಹೊಸ ಬಿಲ್ಲೆ ಮಾಡಿದೆ. ಅದು ಸೀಳಿಗೆ ಕೂಡಲಿಲ್ಲ. ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ಬದಲಿಗೆ ನಾನು ಸೀಳೇ ತಪ್ಪಿದೆ ಎಂದುಕೊಂಡೆ. ಶಾಫ್ಟನ್ನು ವೈಸಿಗೆ ಕಚ್ಚಿಸಿ, ಅರದಿಂದ ಉಜ್ಜಿ ಉಜ್ಜಿ ಸೀಳನ್ನು ಇತ್ತ ಕಡೆಗೆ ಅಗಲ ಮಾಡಿದೆ. ಈಗ ಏಣು ಕೂಡಿತು, ಆದರೆ ಅತ್ತ ಕಡೆ ಸಂದಿ ಉಳಿಯಿತು. ಆ ಸಂದಿಗೆ ಹ್ಯಾಕ್ಸಾ ಬ್ಲೇಡಿನ ಚೂರೊಂದನ್ನು ಅಳತೆಗೆ ತೇದು ಬಡಿದು ಕೂರಿಸಿದೆ. ಇಂಥ ಬೆಣೆ ಕೂರಿಸಿ ಎಷ್ಟು ಗಾಡಿ ಓಡಿಸಿಲ್ಲ ನಾನು! ಸಂಜೆಯ ಹೊತ್ತಿಗೆ ಡಿಸ್ಟ್ರಿಬ್ಯೂಟರನ್ನು ಇಷ್ಟಿಷ್ಟೇ ತಿರುಗಿಸಿ ಟೈಮಿಂಗ್ ಹಿಡಿದಾಗ ಎಂಜಿನ್ನು ನುಣ್ಣಗೆ ತಿರುಗಿತು. ಪಕ್ಕದ ಟಯರ್ ಅಂಗಡಿಯವರನ್ನೂ ಕರೆದು ಕೇಳಿಸಿದೆ. ಅಣ್ಣ ಕಿವಿಗೊಟ್ಟು ಕೇಳಿ, "ನಡೀತದ," ಎಂದಷ್ಟೇ ಹೇಳಿ ಹೊರಟ.

ಎರಡು ತಿಂಗಳು ನಡೆಯಿತು. ಮೇ ತಿಂಗಳ ಒಂದು ಮಧ್ಯಾಹ್ನ ಫೋನ್ ಬಂತು. ಮೋರಖಂಡಿಯ ಹತ್ತಿರ ಒಳಗೆ ಏನೋ ಕಟಕಟ ಎಂದು ಕಾರು ನಿಂತುಬಿಟ್ಟಿತ್ತು. ನಾನು ಬೈಕಿನಲ್ಲಿ ಹೋಗಿ ಮುಟ್ಟುವಾಗ ಒಂದೂವರೆ ತಾಸು ಕಳೆದಿತ್ತು. ರಸ್ತೆಯಲ್ಲಿ ಒಂದು ಗಿಡವಿಲ್ಲ. ಹೊಲದಲ್ಲಿದ್ದ ಮೂರ್ನಾಲ್ಕು ಜನ ಬಂದು, "ಬರ್ರಿ ಅಣ್ಣೋರೆ, ಎತ್ತಿ ನೆರಳಿಗಿ ಕೂಡಿಸ್ತೀವಿ, ಬಿಸಿಲಾಗ ಸಾಯ್ತೀರಿ," ಎಂದರಂತೆ. ಅಣ್ಣ ಬಾಗಿಲಿನ ಗಾಜು ಏರಿಸಿಕೊಂಡು ಒಳಗೇ ಕೂತಿದ್ದ. ಅಂಗಿ ತೊಯ್ದು ಮೈಗೆ ಅಂಟಿತ್ತು, ತುಟಿ ಬಿಳಿಚಿತ್ತು. ನನಗೂ ಇಳಿಸಗೊಡಲಿಲ್ಲ. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿದೆವು, ಅವನು ಒಳಗೆ ಕೂತು ಸ್ಟೇರಿಂಗ್ ಹಿಡಿದೇ ಬಸವಕಲ್ಯಾಣದ ಮನೆ ಮುಟ್ಟಿದ.

ಎಂಜಿನ್ ಬಿಚ್ಚಿದ ಮೇಲೆ ಸಂಗತಿ ತಿಳಿಯಿತು. ನಾನು ಬಡಿದಿದ್ದ ಬ್ಲೇಡಿನ ಚೂರು ಸಡಿಲಾಗಿ, ಮುರಿದು, ಕೆಳಗಿನ ಗೇರಿನ ಹಲ್ಲುಗಳ ನಡುವೆ ಬಿದ್ದಿತ್ತು. ಗೇರಿನ ಹಲ್ಲು ಹೋಗಲಿ, ಕ್ಯಾಮ್ ಶಾಫ್ಟಿನ ಹಲ್ಲುಗಳೂ ಪುಡಿಯಾಗಿದ್ದವು. ಆಯುಷ್ಯವೆಲ್ಲ ಇಂಥ ಕಾರುಗಳಲ್ಲೇ ಕಳೆದ ಒಬ್ಬ ಮುದಿ ಮಿಸ್ತ್ರಿ ಕೋಟೆಯ ಕಡೆಯ ಓಣಿಯಲ್ಲಿದ್ದಾರೆ. ಅವರನ್ನು ಕರೆತಂದೆ. ಸ್ಟೂಲಿನ ಮೇಲೆ ಕೂತು ಹಳೆಯ ಬಿಲ್ಲೆಯನ್ನು ಅಂಗೈಯಲ್ಲಿಟ್ಟು ನೋಡಿದರು.

"ಇದು ಸವದಿದ್ದಲ್ಲ ಬೇಟಾ. ಬೇಕಂತೇ ನಡು ಬಿಟ್ಟು ಮಾಡಿರ್ತಾರ. ಉಲ್ಟಾ ಕೂಡಬಾರ್ದಂತ. ಹಿಂಗ ಇದ್ದರ ಒಂದೇ ರೀತಿ ಕೂಡ್ತದ." ಶಾಫ್ಟನ್ನು ಎತ್ತಿಕೊಂಡರು. "ಈ ಸೀಳು ಕೆಡಸಿದೋರು ಯಾರು?"

"ನಾನೇ ರೀ ಚಾಚಾ."

ಅವರು ಬೈಯಲಿಲ್ಲ. ಶಾಫ್ಟನ್ನು ಚಿಂದಿಯ ಮೇಲೆ ಇಟ್ಟು, "ಕ್ಯಾಮ್ ಎಲ್ಲೂ ಸಿಗಂಗಿಲ್ಲ," ಎಂದು ಎದ್ದರು.

ಸಿಗಲಿಲ್ಲ. ಹೈದರಾಬಾದಿನ ಗುಜರಿಯಲ್ಲಿ ಎರಡು ದಿನ ಹುಡುಕಿದೆ. ಹಲ್ಲುಗಳಿಗೆ ವೆಲ್ಡಿಂಗ್ ತುಂಬಿಸಿ ಕೈಯಿಂದಲೇ ಕೊರೆದು ನೋಡಿದೆ. ಮೂರು ಸಲ ಕೊರೆದೆ. ಮೂರನೆಯ ಸಲ ಎಂಜಿನ್ನು ಹನ್ನೊಂದು ನಿಮಿಷ ಓಡಿತು. ಬೇರೆ ಎಂಜಿನ್ ಕೂಡಿಸಿದರೆ ಇಷ್ಟು ಹಳೆಯ ಗಾಡಿಯ ಕಾಗದಪತ್ರ ಆಗುವುದಿಲ್ಲ ಎಂದು ತಿಳಿದವರು ಹೇಳಿದರು. ಬೇರೆ ಕಾರು ಕೊಂಡು ಸಲಾಕೆ ಕೂಡಿಸೋಣ ಎಂದರೆ ಅಷ್ಟು ದುಡ್ಡು ಇಬ್ಬರಲ್ಲೂ ಇರಲಿಲ್ಲ. ಆಮೇಲೆ ನನ್ನ ಕೈ ಏಳಲಿಲ್ಲ. ನಾನು ಸುಮ್ಮನಿದ್ದಿದ್ದರೆ ಹಳೆಯ ಬಿಲ್ಲೆಯೊಂದಿಗೇ ಆ ಕಾರು ಕುಂಟುತ್ತಾ ಇನ್ನೂ ನಾಲ್ಕು ವರ್ಷ ಓಡುತ್ತಿತ್ತು. ಈ ಲೆಕ್ಕ ನನ್ನನ್ನು ಬಿಡುವುದಿಲ್ಲ.

ತಪ್ಪು ಒಪ್ಪಿಕೊಳ್ಳಲು ಹೋದೆ. ಅಣ್ಣ ಮನೆಯಲ್ಲಿ ಹಾರ್ಮೋನಿಯಂನ ಹಿತ್ತಾಳೆಯ ಸುರಪಟ್ಟಿಯೊಂದನ್ನು ಕೆರೆಯುತ್ತಾ ಕೂತಿದ್ದ. ನಾನು ಹೇಳಿ ಮುಗಿಸುವವರೆಗೂ ತಲೆ ಎತ್ತಲಿಲ್ಲ.

"ಗೊತ್ತದ," ಎಂದ. "ನೀ ಆ ಸೀಳು ಉಜ್ಜಾಕತ್ತಾಗ ಇನ್ನೊಂದ್ ಸಲ ಹೇಳ್ಬೇಕಂತ ಬಾಯಿಗಿ ಬಂದಿತ್ತು. ನಿನಗ ಸಿಟ್ಟು ಬಂದು ಅರ್ಧಕ್ಕ ಬಿಟ್ಟರ ನಾ ಮನಿಗಿ ಹ್ಯಾಂಗ ಹೋಗ್ಲಿ ಅಂತ ಸುಮ್ನಾದೆ."

ನನ್ನ ಅಣ್ಣ ನನಗೆ ಹೆದರಿದ್ದ. ಇದು ನನಗೆ ಆ ದಿನದವರೆಗೆ ಗೊತ್ತಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಎದ್ದು ಬಂದೆ.

ಈಗ ಪೆಟ್ಟಿಗೆಗಳು ಅವನ ಮನೆಗೇ ಬರುತ್ತವೆ, ಮೊದಲಿನಷ್ಟಲ್ಲ. ಊರವರು ಜೀಪು ಕಳಿಸುತ್ತೇವೆ ಎಂದರೂ ಒಲ್ಲೆ ಎನ್ನುತ್ತಾನೆ. ಒಂದು ವರ್ಷ ಹೊಸ್ತಿಲು ದಾಟಲಿಲ್ಲ. ಮೊನ್ನೆ ಘಾಟಬೋರಾಳದ ನಮ್ಮ ಸೋದರತ್ತೆ ತೀರಿಕೊಂಡಳು. ಅವನನ್ನು ಸಾಕಿದವಳು ಅವಳೇ, ಹೋಗದೆ ವಿಧಿಯಿರಲಿಲ್ಲ. ನಾನು ಬಾಡಿಗೆ ಜೀಪು ತಂದು ನಿಲ್ಲಿಸಿದೆ. ಅದರ ಸೀಟು ಬಹಳ ಎತ್ತರ. ಕೈಯೂರಿ ಎರಡು ಸಲ ಪ್ರಯತ್ನಿಸಿದ, ಮೈ ಮೇಲೇಳಲಿಲ್ಲ. ಓಣಿಯ ಜನ ನೋಡುತ್ತಿದ್ದರು. ಅವನು ನನ್ನ ಕಡೆ ನೋಡದೆ, "ಎತ್ತು," ಎಂದ.

ಎತ್ತಿದೆ. ಹಗುರಾಗಿಬಿಟ್ಟಿದ್ದ. ಎರಡೂ ಕೈಯನ್ನು ತನ್ನ ತೊಡೆಯ ಮೇಲೆ ಬಿಗಿಹಿಡಿದುಕೊಂಡು, ಮುಖವನ್ನು ಅತ್ತ ತಿರುಗಿಸಿಕೊಂಡಿದ್ದ.

"ಕೊರಳು ಹಿಡ್ಕೊ ಅಣ್ಣಾ, ಬೀಳ್ತಿ," ಎಂದೆ.

ಹಿಡಿಯಲಿಲ್ಲ. ಘಾಟಬೋರಾಳದಲ್ಲಿ ಇಳಿಸುವಾಗಲೂ ಹಿಡಿಯಲಿಲ್ಲ.