ಮೇಲವಂಕಿಯ ಹೊಲದಲ್ಲಿ ನಮ್ಮ ಟೆಂಟು

ಗೆಳೆಯರೇ, ನಿವೃತ್ತರಾದ ಮೇಲೆ ಸೀಗೆ ಹುಣ್ಣಿಮೆಯ ಆಸುಪಾಸಿನಲ್ಲಿ ನಾನೂ ನಮ್ಮ ಯಜಮಾನರೂ ಟೆಂಟು ಹೊತ್ತು ತಿರುಗುವುದು ನಿಮಗೆ ಗೊತ್ತೇ ಇದೆ. ಈ ಸಲ ಸೊಸೆಯೂ ಬಂದಿದ್ದಾಳೆ. ಇವತ್ತು ಮೇಲವಂಕಿಯಲ್ಲಿ, ಹೊಲದವರನ್ನು ಕೇಳಿಯೇ, ಬೇವಿನ ಮರದ ಕೆಳಗೆ ಟೆಂಟು ಹಾಕಿದೆವು. ಅಷ್ಟರಲ್ಲಿ ಹೊಲದವರ ಮನೆಯ ಅಜ್ಜಿ ರೊಟ್ಟಿ ಗಂಟು ಹಿಡಿದು ಬಂದು ನನ್ನ ಕೈ ಹಿಡಿದುಕೊಂಡರು.

"ಹುಕ್ಕೇರಿಯಾಗ ಸ್ವಂತ ಮನಿ ಐತಂತ. ಮತ್ತ ಇಲ್ಲ್ಯಾಕ ಯವ್ವಾ? ಸೊಸಿ ಹೊರಗ ಹಾಕಿದ್ಲೇನು?"

ಸೊಸೆ ಟೆಂಟಿನಿಂದ ತಲೆ ಹೊರಹಾಕಿದಳು. "ಇಲ್ರಿ ಆಯಿ, ಸೊಸಿ ನಾನ. ನಾನೂ ಇಲ್ಲೇ ಅದೀನ್ರಿ."

ಅಜ್ಜಿಯ ಕಣ್ಣು ತುಂಬಿತು. "ಅಯ್ಯ ಶಿವನ, ಸೊಸಿನ್ನೂ ಕೂಡೇ ಹೊರಗ ಹಾಕ್ಯಾರಲ್ಲೋ! ನಡೀರಿ ನಮ್ಮನಿಗೆ."

ನಾವು ಮೂವರೂ ಅವರ ಹಿಂದೆ ನಡೆದೆವು. ಇದನ್ನು ಅವರ ಪಡಸಾಲೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ನಮ್ಮ ಟೆಂಟಿನಲ್ಲಿ ಅವರ ಮೊಮ್ಮಕ್ಕಳು ಕಾಲು ಚಾಚಿ ಮಲಗಿದ್ದಾರೆ.